ರಾಗಿಯ ತಾಯಿ, ರಾಗಿಯ ತನ್ನತನ

ರಾಗಿ ಹೊಲದಲ್ಲಿ ಕಳೆ ಕೀಳುವವರನ್ನು ಹೆಚ್ಚು ಕಾಡುವುದು ರಾಗಿಯಂತೆಯೇ ಕಾಣುವ ಒಂದು ಹುಲ್ಲು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಎಲ್ಯುಸಿನ್ ಇಂಡಿಕಾ. ಚಪ್ಪಟೆ ಕಾಂಡ, ಬುಡದಲ್ಲಿ ಬಿಳಿಚಿದ ಬಣ್ಣ, ತುದಿಯಲ್ಲಿ ಬೆರಳು ಬಿಡಿಸಿದ ಹಾಗೆ ಕೆಲವು ಸಣಕಲು ತೆನೆ. ಕಾಳು ಕಟ್ಟುವ ಮೊದಲು ಅದನ್ನು ಪೈರಿನಿಂದ ಬೇರೆಮಾಡಿ ನೋಡಲು ಪಳಗಿದ ಕಣ್ಣೇ ಬೇಕು. ಪೂರ್ವ ಆಫ್ರಿಕಾದ ಎತ್ತರದ ನೆಲಗಳಲ್ಲಿ ಇದನ್ನು ಮತ್ತೂ ಹೆಚ್ಚು ಹೋಲುವ ಇನ್ನೊಂದು ಕಾಡುಹುಲ್ಲಿದೆ. ಅದನ್ನು ಆಫ್ರಿಕಾನಾ ಎನ್ನೋಣ. ಅಲ್ಲಿನ ಜನ ರಾಗಿಯನ್ನು ಪಳಗಿಸಿದ್ದು ಈ ಆಫ್ರಿಕಾನಾದಿಂದಲೇ. ಇಂಡಿಕಾಕ್ಕೂ ಆಫ್ರಿಕಾನಾಕ್ಕೂ ಹೊರನೋಟದಲ್ಲಿರುವ ವ್ಯತ್ಯಾಸ ಬಹಳ ಸಣ್ಣದು: ಹೂವನ್ನು ಮುಚ್ಚುವ ಹೊಟ್ಟು ಒಂದರಲ್ಲಿ ಒಂದು ಮಿಲಿಮೀಟರಿನಷ್ಟು ಹೆಚ್ಚು ಉದ್ದ, ಅಷ್ಟೆ. 1957ರಲ್ಲಿ ಆಫ್ರಿಕಾನಾಕ್ಕೆ ಸ್ವತಂತ್ರ ಪ್ರಭೇದದ ಸ್ಥಾನ ಸಿಕ್ಕಿತು. 1972ರಲ್ಲಿ ಅದನ್ನು ಇಂಡಿಕಾದ ಉಪಪ್ರಭೇದವೆಂದರು. 1976ರಲ್ಲಿ ರಾಗಿಯ ಉಪಪ್ರಭೇದವೆಂದರು. ಇಪ್ಪತ್ತು ವರ್ಷದೊಳಗೆ ಒಂದೇ ಗಿಡಕ್ಕೆ ಮೂರು ಮನೆ. ಗಿಡವಂತೂ ಇದ್ದಂತೆಯೇ ಇತ್ತು. ವಸ್ತುಗಳ ನಡುವಿನ ಭೇದ ವಸ್ತುವಿನಲ್ಲೇ ಇದೆಯೋ, ನೋಡುವ ಬುದ್ಧಿ ಹಾಕಿದ ಗೆರೆಯೋ ಎಂದು ಈ ದೇಶದ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ್ದು ಇಂಥ ಸಂಗತಿಗಳ ಮೇಲೆಯೇ. ಹತ್ತಿರದ ಹುಲ್ಲುಗಳನ್ನು ಬಿಡಿಸಿ ಗುರುತಿಸಲು ಈಗ ಕ್ಲೋರೋಪ್ಲಾಸ್ಟಿನ ಜೀನೋಮನ್ನು ಪೂರ್ತಿಯಾಗಿ ಓದುತ್ತಾರೆ. ಹಾಗೆ ಓದಿದರೆ ಆ ಹಳೆಯ ವಾದ ಇತ್ಯರ್ಥವಾಗುತ್ತದೆ ಎಂದು ನಂಬುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಕ್ಲೋರೋಪ್ಲಾಸ್ಟ್ ಹೇಳುವುದು ಗಿಡದ ತಾಯಿ ಯಾರೆಂಬುದನ್ನು. ಗಿಡ ಯಾವುದೆಂಬ ಪ್ರಶ್ನೆ ಆಮೇಲೂ ಉಳಿಯುತ್ತದೆ. ಉಳಿದ ಆ ಪ್ರಶ್ನೆಗೆ ನಿಜವಾದ ಉತ್ತರವೂ ಇದೆ ಎಂಬುದು ನನ್ನ ವಾದದ ಇನ್ನೊಂದು ಭಾಗ.

ಮೊದಲು ಸಾಕ್ಷ್ಯವನ್ನು ನೋಡಬೇಕು. ಎಲೆಯ ಒಂದೊಂದು ಜೀವಕೋಶದಲ್ಲೂ ಹತ್ತಾರು ಕ್ಲೋರೋಪ್ಲಾಸ್ಟ್‌ಗಳಿರುತ್ತವೆ. ಬಿಸಿಲನ್ನು ಹಿಡಿದು ಸಕ್ಕರೆ ಮಾಡುವುದು ಅವುಗಳ ಕೆಲಸ. ನೂರು ಕೋಟಿ ವರ್ಷಕ್ಕೂ ಹಿಂದೆ ಅವುಗಳ ಪೂರ್ವಜರು ನೀರಿನಲ್ಲಿ ಸ್ವತಂತ್ರವಾಗಿ ಬದುಕಿದ್ದ ಸಯನೋಬ್ಯಾಕ್ಟೀರಿಯಾಗಳು. ಇನ್ನೊಂದು ಜೀವಕೋಶದ ಒಳಗೆ ಸೇರಿ ಅಲ್ಲೇ ನೆಲೆಯೂರಿದವು. ರಷ್ಯದ ಮೆರೆಷ್ಕೋವ್‌ಸ್ಕಿ 1905ರಲ್ಲೇ ಈ ಮಾತು ಹೇಳಿದ್ದರು. 1967ರಲ್ಲಿ ಲಿನ್ ಮಾರ್ಗುಲಿಸ್ ಅದನ್ನು ಮತ್ತೆ ಎತ್ತಿ ನಿಲ್ಲಿಸಿದ ಮೇಲೆ, ಡಿಎನ್‌ಎ ಪುರಾವೆ ಸಿಕ್ಕಿ, ವಿಜ್ಞಾನಲೋಕ ಒಪ್ಪಿತು. ಒಳಬಂದವರು ತಮ್ಮ ಡಿಎನ್‌ಎಯ ಒಂದು ಪಾಲನ್ನು ಇನ್ನೂ ತಾವೇ ಇಟ್ಟುಕೊಂಡಿದ್ದಾರೆ. 1986ರಲ್ಲಿ ಹೊಗೆಸೊಪ್ಪಿನ ಕ್ಲೋರೋಪ್ಲಾಸ್ಟ್ ಜೀನೋಮನ್ನು ಪೂರ್ತಿ ಓದಿದರು, 1989ರಲ್ಲಿ ಭತ್ತದ್ದನ್ನು. ಭತ್ತದ್ದು 1,34,525 ಅಕ್ಷರ. ಹುಲ್ಲಿನ ಬಳಗದಲ್ಲಿ ಹೆಚ್ಚುಕಡಿಮೆ ಎಲ್ಲದ್ದೂ ಇದರ ಆಸುಪಾಸಿನಲ್ಲೇ ಇದೆ. ಭತ್ತದ ಕೋಶಕೇಂದ್ರದಲ್ಲಿರುವ ಜೀನೋಮ್ ಸುಮಾರು 40 ಕೋಟಿ ಅಕ್ಷರದ್ದು ಎಂಬುದನ್ನು ನೆನೆದರೆ ಇದು ಎಷ್ಟು ಚಿಕ್ಕದೆಂದು ತಿಳಿಯುತ್ತದೆ. ಚಿಕ್ಕದಾಗಿರುವುದರ ಜೊತೆಗೆ ಇನ್ನೆರಡು ಗುಣಗಳು ಇದಕ್ಕಿವೆ. ಹುಲ್ಲುಗಳಲ್ಲಿ ಇದು ಬಹುಮಟ್ಟಿಗೆ ತಾಯಿಯಿಂದಲೇ ಮಗುವಿಗೆ ಹೋಗುತ್ತದೆ. ಪರಾಗದ ಮೂಲಕ ತಂದೆಯ ಕ್ಲೋರೋಪ್ಲಾಸ್ಟ್ ಬರುವುದಿಲ್ಲ. ಹಾಗಾಗಿ ಕೋಶಕೇಂದ್ರದ ವರ್ಣತಂತುಗಳಲ್ಲಿ ತಲೆಮಾರಿಗೊಮ್ಮೆ ನಡೆಯುವ ಅದಲುಬದಲು ಇಲ್ಲಿ ನಡೆಯುವುದಿಲ್ಲ. ಅಜ್ಜಿಯ ಅಜ್ಜಿಯದು ಹೇಗಿತ್ತೋ, ಅಲ್ಲೊಂದು ಇಲ್ಲೊಂದು ಅಕ್ಷರ ಬಿಟ್ಟರೆ, ಮೊಮ್ಮಗಳದೂ ಹಾಗೆಯೇ ಇರುತ್ತದೆ.

ಹತ್ತಿರದ ಎರಡು ಹುಲ್ಲುಗಳ ಕ್ಲೋರೋಪ್ಲಾಸ್ಟ್ ಅಕ್ಷರಗಳನ್ನು ಮೇಲೊಂದು ಕೆಳಗೊಂದು ಸಾಲಾಗಿ ಇಟ್ಟು ನೋಡಿದರೆ ಸಾಲುಸಾಲಿಗೆ ಏನೂ ಸಿಗುವುದಿಲ್ಲ, ಎಲ್ಲ ಒಂದೇ. ನೂರಾರು ಅಕ್ಷರ ದಾಟಿದ ಮೇಲೆ ಎಲ್ಲೋ ಒಂದು ಕಡೆ ಒಂದೇ ಅಕ್ಷರ ಸಾಲುಗಟ್ಟಿ ನಿಂತಿರುತ್ತದೆ, ಮೇಲಿನದರಲ್ಲಿ ಹತ್ತು ಸಲ, ಕೆಳಗಿನದರಲ್ಲಿ ಹನ್ನೊಂದು ಸಲ. ಇನ್ನೂ ಮುಂದೆ ಹೋದರೆ ಎರಡು ಜೀನುಗಳ ನಡುವಿನ ಖಾಲಿ ಜಾಗದಲ್ಲಿ ಕೆಲವು ಅಕ್ಷರಗಳ ಒಂದು ತುಣುಕು ಒಂದರಲ್ಲಿ ಬಿಟ್ಟುಹೋಗಿದೆ. ಬಿಸಿಲಿನಿಂದ ಸಕ್ಕರೆ ಮಾಡುವ ಯಂತ್ರದ ಜೀನುಗಳು ಸುಲಭಕ್ಕೆ ಬದಲಾಗುವುದಿಲ್ಲ, ಬದಲಾದರೆ ಗಿಡವೇ ಸಾಯಬಹುದು. ಬದಲಾವಣೆ ಉಳಿಯುವುದು ಹೆಚ್ಚಾಗಿ ಇಂಥ ನಡುಜಾಗಗಳಲ್ಲಿ. 2009ರಲ್ಲಿ ಸಸ್ಯಗಳ ಡಿಎನ್‌ಎ ಬಾರ್‌ಕೋಡ್‌ಗೆಂದು ವಿಜ್ಞಾನಿಗಳ ಒಂದು ಅಂತರರಾಷ್ಟ್ರೀಯ ತಂಡ ಕ್ಲೋರೋಪ್ಲಾಸ್ಟಿನ ಎರಡು ಜೀನುಗಳ ತುಣುಕುಗಳನ್ನು ಆರಿಸಿತು. ಅವರು ಪರೀಕ್ಷಿಸಿದ ಸಸ್ಯಗಳಲ್ಲಿ ಆ ಎರಡು ತುಣುಕುಗಳಿಂದ ಪ್ರಭೇದದ ಮಟ್ಟಕ್ಕೆ ಬಿಡಿಸಲಾದದ್ದು ನೂರಕ್ಕೆ 72. ಉಳಿದ 28ರಲ್ಲಿ ಇರುವವು ಇಂಥವೇ, ಅಕ್ಕತಂಗಿಯರಂಥ ಪ್ರಭೇದಗಳು. ತುಣುಕು ಸಾಲದಿದ್ದರೆ ಇಡೀ ಜೀನೋಮನ್ನೇ ಓದೋಣ ಎಂದು ಮುಂದಿನವರು ಹೊರಟದ್ದು ಸಹಜವೇ ಆಗಿತ್ತು. ಹಾಗೆ ಓದಿದಾಗ ಹೊಸ ಬೆಳಕೂ ಸಿಕ್ಕಿದೆ, ಅದನ್ನು ಕಡೆಗಣಿಸಬೇಕಾಗಿಲ್ಲ. ಪೂರ್ತಿ ಓದುವ ಕಾಲ ಬರುವುದಕ್ಕೂ ಮೊದಲೇ, 1988ರಲ್ಲಿ, ಖಿದಿರ್ ಹಿಲು ಎಂಬ ವಿಜ್ಞಾನಿ ಎಲ್ಯುಸಿನ್ ಹುಲ್ಲುಗಳ ಕ್ಲೋರೋಪ್ಲಾಸ್ಟ್ ಡಿಎನ್‌ಎಯನ್ನು ಕಿಣ್ವಗಳಿಂದ ಕತ್ತರಿಸಿ, ತುಂಡುಗಳ ಉದ್ದವನ್ನು ಹೋಲಿಸಿದರು. ರಾಗಿ, ಆಫ್ರಿಕಾನಾ, ಇಂಡಿಕಾ ಮೂರೂ ಒಂದಕ್ಕೊಂದು ಹೊಂದಿದವು. ಇಂಡಿಕಾದ ವರ್ಣತಂತುಗಳು 18. ರಾಗಿಯದೂ ಆಫ್ರಿಕಾನಾದ್ದೂ 36. ಹಿಂದೆಂದೋ ಇಂಡಿಕಾದ ಸಾಲಿನ ಒಂದು ತಾಯಿಗೂ ಬೇರೊಂದು ಹುಲ್ಲಿನ ತಂದೆಗೂ ಕೂಡಿಕೆಯಾಗಿ, ಎರಡರ ವರ್ಣತಂತುಗಳೂ ಇಮ್ಮಡಿಯಾಗಿ, ಆಫ್ರಿಕಾನಾ ಹುಟ್ಟಿತು, ಅದರಿಂದ ರಾಗಿ ಬಂತು ಎಂದು ಇದರಿಂದ ಗೊತ್ತಾಯಿತು. ಹೊಲದ ಕಳೆ ಪೈರಿಗೆ ತಾಯಿಯ ಕಡೆಯ ನಂಟು! ಕಣ್ಣು ಎಂದಿಗೂ ಕಾಣಲಾಗದಿದ್ದ ಸತ್ಯ ಇದು.

ಆದರೆ ಇದೇ ಫಲಿತಾಂಶವನ್ನು ಇನ್ನೊಂದು ದಿಕ್ಕಿನಿಂದ ನೋಡಬೇಕು. ಕಾಡಿನಲ್ಲಿ ಬೆಳೆದ ಒಂದು ಹುಲ್ಲು ಇಂಡಿಕಾವೋ ಆಫ್ರಿಕಾನಾವೋ ಎಂದು ತಿಳಿಯುವುದು ನಮ್ಮ ಗುರಿಯಾಗಿದ್ದರೆ, ಇಬ್ಬರಿಗೂ ಒಂದೇ ತಾಯಿಸಾಲು ಎನ್ನುವ ಈ ಸಾಕ್ಷ್ಯ ಎಷ್ಟು ಸಹಾಯ ಮಾಡೀತು? ನ್ಯಾಯಶಾಸ್ತ್ರ ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿಟ್ಟಿದೆ. ಅನ್ನಂಭಟ್ಟನ ತರ್ಕಸಂಗ್ರಹವನ್ನೂ ಅದರ ದೀಪಿಕೆಯನ್ನೂ ಓದಿದವರಿಗೆ ಹಸುವಿನ ಉದಾಹರಣೆ ನೆನಪಿರುತ್ತದೆ. ಹಸುವಿನ ಲಕ್ಷಣ ಏನೆಂದರೆ ಕಪಿಲ ಬಣ್ಣ ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಕೊಂಬು ಎಂದರೆ ಎಮ್ಮೆಯೂ ಒಳಬರುತ್ತದೆ, ಅದು ಅತಿವ್ಯಾಪ್ತಿ. ಕುತ್ತಿಗೆಯ ಕೆಳಗೆ ಜೋಲುವ ಗಂಗೆದೊಗಲು ಎಂದರೆ ಮಾತ್ರ ಸರಿಯಾಗಿ ಕೂರುತ್ತದೆ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಒಳ್ಳೆಯ ಲಕ್ಷಣವೆಂದರೆ ಇರಬೇಕಾದ ಎಲ್ಲರನ್ನೂ ಹಿಡಿದು, ಇರಬಾರದ ಎಲ್ಲರನ್ನೂ ಬಿಡುವುದು. ಎರಡು, ಎಷ್ಟೇ ಒಳ್ಳೆಯದಾದರೂ ಗಂಗೆದೊಗಲು ಹಸುವನ್ನು ಗುರುತಿಸಿಕೊಡುವ ಚಿಹ್ನೆ, ಹಸುತನ ಅದಲ್ಲ. ನೈಯಾಯಿಕರು ಗೋತ್ವವನ್ನು ಬೇರೆ ಇಟ್ಟರು, ಅದನ್ನು ಬಯಲು ಮಾಡುವ ಚಿಹ್ನೆಯನ್ನು ಬೇರೆ ಇಟ್ಟರು. ಕ್ಲೋರೋಪ್ಲಾಸ್ಟ್ ಜೀನೋಮಿನ ವಿಷಯದಲ್ಲಿ ಇಂದು ಕಳೆದುಹೋಗುತ್ತಿರುವುದು ಈ ವಿವೇಕವೇ. ಇಂಡಿಕಾದ ಕ್ಲೋರೋಪ್ಲಾಸ್ಟನ್ನು ಇಂಡಿಕಾದ ಲಕ್ಷಣವೆಂದರೆ ಆಫ್ರಿಕಾನಾ, ರಾಗಿ ಎರಡೂ ಅದರೊಳಗೆ ನುಗ್ಗುತ್ತವೆ; ಕೊಂಬಿನ ದೋಷವೇ ಮರಳಿ ಬಂದಂತಾಯಿತು. ಇನ್ನು ಕೆಲವು ಹುಲ್ಲುಗಳಲ್ಲಿ ಕ್ಲೋರೋಪ್ಲಾಸ್ಟ್ ನಿಜವಾಗಿಯೂ ಗಂಗೆದೊಗಲಿನಂತೆ ಕೆಲಸ ಮಾಡುತ್ತದೆ, ಅದೂ ನಿಜ. ಯಾವ ಕುಲದಲ್ಲಿ ಅದು ಲಕ್ಷಣವಾದೀತು, ಯಾವುದರಲ್ಲಿ ಆಗದು ಎಂಬುದನ್ನು ಕ್ಲೋರೋಪ್ಲಾಸ್ಟನ್ನೇ ಕೇಳಿ ತಿಳಿಯಲಾಗದು. ಬೇರೆ ಪ್ರಮಾಣ ಬೇಕು.

ಇದಕ್ಕೆ ಪ್ರಯೋಗಾಲಯದ ಕಡೆಯಿಂದ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ಹಳೆಯ ಕಿಣ್ವದ ವಿಧಾನ ಒರಟು. ಎರಡು ಜೀನುಗಳ ಬಾರ್‌ಕೋಡೂ ಒರಟು. 1,35,000 ಅಕ್ಷರಗಳನ್ನು ಒಂದೂ ಬಿಡದೆ ಓದಿದರೆ, ಒಂದೇ ತಾಯಿಸಾಲಿನಿಂದ ಬೇರಾದ ಮೇಲೆ ಎರಡು ಪ್ರಭೇದಗಳಲ್ಲಿ ಕೂಡಿಬಂದ ಸಣ್ಣ ಬದಲಾವಣೆಗಳೂ ಸಿಗುತ್ತವೆ, ಆಗ ತಾಯಿ–ಮಕ್ಕಳನ್ನೂ ಬಿಡಿಸಬಹುದು ಎನ್ನುತ್ತಾರೆ. ಬಿಡಿಸಬಹುದು, ಹಲವು ಸಲ ಬಿಡಿಸಿಯೂ ಇದ್ದಾರೆ. ನನ್ನ ತಕರಾರು ಬೇರೆ. ಕ್ಲೋರೋಪ್ಲಾಸ್ಟ್ ಜೀನೋಮ್ ಒಡೆದು ಬೆರೆಯದೆ ಇಡಿಯಾಗಿ ಹರಿದು ಬರುವುದರಿಂದ ಅದರ ಎಲ್ಲ ಅಕ್ಷರಗಳದ್ದೂ ಒಂದೇ ವಂಶವೃಕ್ಷ. ಒಬ್ಬ ಸಾಕ್ಷಿ ಎರಡು ವಾಕ್ಯ ಹೇಳಿದರೂ ಇಡೀ ದಿನ ಮಾತನಾಡಿದರೂ ಅವನು ಒಬ್ಬನೇ ಸಾಕ್ಷಿ. ಹೆಚ್ಚು ಮಾತನಾಡಿದರೆ ಅವನು ಕಂಡದ್ದು ಹೆಚ್ಚು ಸ್ಪಷ್ಟವಾದೀತು. ಅವನು ಕಾಣದೇ ಇದ್ದದ್ದು ಅದರಿಂದ ಹೊರಬಾರದು. ತಂದೆಯ ಕಡೆಯಿಂದ ಬಂದದ್ದನ್ನು ಕ್ಲೋರೋಪ್ಲಾಸ್ಟ್ ಕಂಡೇ ಇಲ್ಲ. ಮತ್ತೆ, ಒಂದು ಪ್ರಭೇದದ ಕ್ಲೋರೋಪ್ಲಾಸ್ಟ್ ಇನ್ನೊಂದರೊಳಗೆ ಸೇರಿಬಿಡುವ ದಾರಿಯೂ ಇದೆ. ಎರಡು ಹುಲ್ಲುಗಳು ಒಮ್ಮೆ ಕೂಡಿ, ಹುಟ್ಟಿದ ಹೆಣ್ಣುಸಾಲು ತಲೆಮಾರುಗಟ್ಟಲೆ ತಂದೆಯ ಪ್ರಭೇದದ ಪರಾಗವನ್ನೇ ಪಡೆಯುತ್ತ ಹೋದರೆ, ಕೊನೆಗೆ ಉಳಿಯುವುದು ತಂದೆಯ ಪ್ರಭೇದದ ಮೈ, ತಾಯಿಯ ಪ್ರಭೇದದ ಕ್ಲೋರೋಪ್ಲಾಸ್ಟ್. ಜಪಾನಿನ ಹಿತೋಶಿ ಕಿಹಾರಾ ಗೋಧಿಯ ಕೋಶಕೇಂದ್ರವನ್ನು ಈಜಿಲಾಪ್ಸ್ ಎಂಬ ಕಾಡುಹುಲ್ಲಿನ ಕೋಶರಸದೊಳಗೆ ಹೀಗೆಯೇ, ಮತ್ತೆಮತ್ತೆ ಗೋಧಿಯ ಪರಾಗ ಕೊಟ್ಟು, ಕೂರಿಸಿದರು. ಅಂಥ ಗಿಡದ ಪರಾಗ ಬಂಜೆಯಾಗುವುದನ್ನು 1951ರಲ್ಲಿ ವರದಿಮಾಡಿದರು. ಆ ಗಿಡ ನೋಡಲು ಗೋಧಿ, ಕ್ಲೋರೋಪ್ಲಾಸ್ಟ್ ಈಜಿಲಾಪ್ಸಿನದು. ಇಂಥದು ಕಾಡಿನಲ್ಲಿ ತಾನಾಗಿ ಆಗಿ, ಯಾರಾದರೂ ಕ್ಲೋರೋಪ್ಲಾಸ್ಟನ್ನಷ್ಟೇ ಕೊನೆಯ ಅಕ್ಷರದವರೆಗೆ ಓದಿದರೆ, ತಪ್ಪು ಹೆಸರನ್ನು ಬಹಳ ನಿಖರವಾಗಿ ಕೊಟ್ಟಂತಾಗುತ್ತದೆ.

ಹತ್ತನೆಯ–ಹನ್ನೊಂದನೆಯ ಶತಮಾನದ ಸುಮಾರಿಗೆ ಮಿಥಿಲೆಯಲ್ಲಿದ್ದ ಉದಯನ ತನ್ನ ಕಿರಣಾವಳಿಯಲ್ಲಿ, ಕಂಡಕಂಡ ಸಮಾನಧರ್ಮವನ್ನೆಲ್ಲ ನಿಜವಾದ ಜಾತಿಯೆನ್ನಬಾರದು ಎಂದು ಆರು ತಡೆಗಳನ್ನು ಪಟ್ಟಿಮಾಡಿದ. ಅವುಗಳಲ್ಲಿ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು ಸಂಕರ ಎಂಬ ತಡೆ. ಎರಡು ಧರ್ಮಗಳು ಕೆಲವು ಕಡೆ ಒಟ್ಟಿಗೆ ಇದ್ದು, ಮೊದಲನೆಯದು ಎರಡನೆಯದಿಲ್ಲದೆಯೂ ಎರಡನೆಯದು ಮೊದಲನೆಯದಿಲ್ಲದೆಯೂ ಸಿಗುವುದಾದರೆ, ಅವೆರಡೂ ಜಾತಿಗಳಾಗಲಾರವು. ಶಾಸ್ತ್ರದ ಉದಾಹರಣೆ ಭೂತತ್ವ ಮತ್ತು ಮೂರ್ತತ್ವ. ಪೃಥ್ವಿ, ಅಪ್ಪು, ತೇಜಸ್ಸು, ವಾಯು ಈ ನಾಲ್ಕರಲ್ಲಿ ಎರಡೂ ಇವೆ. ಆಕಾಶದಲ್ಲಿ ಭೂತತ್ವ ಮಾತ್ರ, ಮನಸ್ಸಿನಲ್ಲಿ ಮೂರ್ತತ್ವ ಮಾತ್ರ. ಜಾತಿಗಳಿದ್ದರೆ ಒಂದು ಇನ್ನೊಂದರ ಒಳಗಿರಬೇಕು, ಇಲ್ಲವೇ ಪೂರಾ ಹೊರಗಿರಬೇಕು, ಅಡ್ಡಹಾಯಬಾರದು ಎಂಬುದು ಇದರ ಹಿಂದಿನ ತತ್ತ್ವ. ಈಗ ಭತ್ತವನ್ನು ನೋಡಿ. ಭತ್ತದ ಕ್ಲೋರೋಪ್ಲಾಸ್ಟ್ ಜೀನೋಮಿನ ಒಂದು ಜಾಗದಲ್ಲಿ 69 ಅಕ್ಷರಗಳ ಒಂದು ತುಂಡು ಕೆಲವು ತಳಿಗಳಲ್ಲಿ ಇದೆ, ಕೆಲವಲ್ಲಿ ಬಿಟ್ಟುಹೋಗಿದೆ. ನಮ್ಮ ಕಡೆಯ ಇಂಡಿಕಾ ಭತ್ತಗಳಲ್ಲಿ ಹೆಚ್ಚಿನವಕ್ಕೆ ಅದಿಲ್ಲ. ಜಪಾನಿನ ಕಡೆಯ ಜಪಾನಿಕಾ ಭತ್ತಗಳಲ್ಲಿ ಹೆಚ್ಚಿನವಕ್ಕೆ ಅದಿದೆ. ಕೆರೆಯಂಚಿನ ಕಾಡುಭತ್ತ ರುಫಿಪೋಗನ್‌ನಲ್ಲೋ ಎರಡು ಬಗೆಯೂ ಸಿಗುತ್ತವೆ. ‘ಸಾಕಿದ ಭತ್ತವಾಗಿರುವುದು’, ‘ಆ ತುಂಡಿಲ್ಲದ ಕ್ಲೋರೋಪ್ಲಾಸ್ಟ್ ಇರುವುದು’ ಈ ಎರಡೂ ಭೂತತ್ವ–ಮೂರ್ತತ್ವಗಳಂತೆಯೇ ಒಂದನ್ನೊಂದು ಅಡ್ಡಹಾಯುತ್ತವೆ. ಉದಯನನ ಅಳತೆಗೋಲು ಹಿಡಿದರೆ ಎರಡನ್ನೂ ಜಾತಿಯೆನ್ನುವಂತಿಲ್ಲ, ಒಂದನ್ನು ಬಿಡಲೇಬೇಕು. ಪ್ರಭೇದವನ್ನು ಉಳಿಸಿ ಕ್ಲೋರೋಪ್ಲಾಸ್ಟನ್ನು ಜಾತಿಯ ಪಟ್ಟದಿಂದ ಇಳಿಸುವುದೇ ಸರಿಯೆಂದು ನನಗೆ ಕಾಣುತ್ತದೆ. ಅದಕ್ಕೆ ಕಾರಣ ಕೊಡಬೇಕಾದ್ದು ನನ್ನ ಹೊಣೆ. ಅದಕ್ಕೂ ಮೊದಲು ಎರಡನ್ನೂ ಇಳಿಸಿಬಿಡಿ ಎನ್ನುವವರ ಮಾತು ಕೇಳಬೇಕು.

ಆ ಮಾತು ಬೌದ್ಧರದು, ಮತ್ತು ನನಗೆ ಅದರ ಮೇಲೆ ಗೌರವವಿದೆ. ದಿಙ್ನಾಗ, ಧರ್ಮಕೀರ್ತಿಯರ ಪ್ರಕಾರ ಲೋಕದಲ್ಲಿರುವುದು ಕ್ಷಣಕ್ಷಣದ ಬಿಡಿ ವಸ್ತುಗಳು ಮಾತ್ರ. ‘ಹಸು’ ಎಂಬ ಸಾಮಾನ್ಯ ಎಲ್ಲೂ ಇಲ್ಲ. ಹಸುವಲ್ಲದ್ದನ್ನು ಹೊರಹಾಕಿ ಬುದ್ಧಿ ಕಟ್ಟಿಕೊಂಡ ಕಲ್ಪನೆ ಅದು. ಧರ್ಮಕೀರ್ತಿ ಕೊಡುವ ಉದಾಹರಣೆ ಗಿಡಗಳದ್ದೇ: ಬೇರೆಬೇರೆ ಮೂಲಿಕೆಗಳು ಜ್ವರ ಇಳಿಸುತ್ತವೆ, ಆದರೆ ಅವುಗಳಲ್ಲೆಲ್ಲ ಸೇರಿಕೊಂಡಿರುವ ‘ಜ್ವರಹರತ್ವ’ ಎಂಬ ಒಂದೇ ವಸ್ತು ಇದೆಯೆಂದು ಹೇಳಬೇಕಾಗಿಲ್ಲ. ನಮಗೆ ಬೇಕಾದ ಕೆಲಸ ಅವುಗಳಿಂದ ಆಗುವುದರಿಂದ ನಾವು ಅವನ್ನು ಒಟ್ಟು ಸೇರಿಸುತ್ತೇವೆ. ಆಫ್ರಿಕಾನಾಕ್ಕೆ ಇಪ್ಪತ್ತು ವರ್ಷದಲ್ಲಿ ಮೂರು ಮನೆ ಸಿಕ್ಕಿದ್ದು ಈ ವಾದಕ್ಕೆ ಪುಷ್ಟಿ ಕೊಡುವಂತೆಯೇ ಇದೆ. ಆದರೂ ಒಂದು ಸಂಗತಿ ಇದರಡಿ ಬರುವುದಿಲ್ಲ. ಇಂಡಿಕಾದ ಅಂಡದಲ್ಲಿ 9 ವರ್ಣತಂತು, ಆಫ್ರಿಕಾನಾದ ಪರಾಗದಲ್ಲಿ 18. ಎರಡೂ ಕೂಡಿದರೆ 27. ಮುಂದಿನ ತಲೆಮಾರಿಗೆ ಬೀಜ ಕಟ್ಟುವಾಗ ವರ್ಣತಂತುಗಳು ಜೋಡಿಯಾಗಬೇಕು, ಒಂಬತ್ತಕ್ಕೆ ಜೋಡಿಯೇ ಇರುವುದಿಲ್ಲ. ಅಂಥ ಗಿಡ ಸಾಮಾನ್ಯವಾಗಿ ಬಂಜೆಯಾಗುತ್ತದೆ. ಜ್ವರದ ಮೂಲಿಕೆಗಳ ಗುಂಪು ನಮ್ಮ ಪ್ರಯೋಜನವನ್ನು ಅವಲಂಬಿಸಿದೆ. ಈ ಒಂಬತ್ತರ ಒಂಟಿತನಕ್ಕೂ ನಮ್ಮ ಪ್ರಯೋಜನಕ್ಕೂ ಯಾವ ಸಂಬಂಧವೂ ಇಲ್ಲ. ಮನುಷ್ಯ ಹುಲ್ಲಿಗೆ ಹೆಸರಿಡುವ ಮೊದಲೂ ಅದು ಇತ್ತು. ಇದಕ್ಕೆ ಎದುರಾದ ಪ್ರಯೋಗ ನಮ್ಮ ಮಂಡ್ಯದಲ್ಲೇ ನಡೆದಿದೆ. ಅಲ್ಲಿನ ವಿಶ್ವೇಶ್ವರಯ್ಯ ಕಾಲುವೆ ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನೂ ಭಾರತದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಎರಡು ಖಂಡಗಳ ರಾಗಿ, ನೋಡಲೂ ಬೇರೆ, ಬೆಳೆದ ನೆಲವೂ ಬೇರೆ. ಆದರೂ ಕೂಡಿದಾಗ ಕಾಳು ಕಟ್ಟಿತು, ರೈತರು ಬಿತ್ತಿದರು, ಹೊಟ್ಟೆ ತುಂಬಿತು. ಕಣ್ಣಿಗೆ ಬೇರೆಯಾಗಿ ಕಂಡದ್ದು ಅಲ್ಲಿ ಒಂದಾಯಿತು, ಒಂದಾಗಿ ಕಂಡದ್ದು ಇಲ್ಲಿ ಬೇರೆಯಾಯಿತು. ಭೇದ ಬರೀ ನಮ್ಮ ಕಲ್ಪನೆಯಾಗಿದ್ದರೆ ನಮ್ಮ ಕಣ್ಣಿಗೆ ಹೀಗೆ ಎದುರು ನಿಲ್ಲುತ್ತಿರಲಿಲ್ಲ.

ಆದರೆ ಈ ಉತ್ತರದಿಂದ ನೈಯಾಯಿಕರ ನಿತ್ಯವಾದ ಜಾತಿ ಸಿದ್ಧವಾಗುವುದಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. ಆಫ್ರಿಕಾನಾ ಒಂದು ಕಾಲದಲ್ಲಿ ಇರಲಿಲ್ಲ; ಹುಟ್ಟಿತು. ಹುಟ್ಟಿದ್ದು ಅಳಿಯಲೂಬಹುದು. ಹುಟ್ಟು–ಸಾವುಳ್ಳದ್ದನ್ನು ನಿತ್ಯವಾದ ಸಾಮಾನ್ಯವೆನ್ನುವುದು ಹೇಗೆ? ಇಲ್ಲಿ ನಾನು ಬೌದ್ಧರಿಂದಲೇ ಒಂದು ಮಾತನ್ನು ಎರವಲು ಪಡೆಯುತ್ತೇನೆ. ವ್ಯಕ್ತಿಯೊಳಗೆ ನಿತ್ಯವಾದ ಆತ್ಮವಿಲ್ಲ, ಆದರೂ ಒಂದು ಕ್ಷಣ ಮುಂದಿನ ಕ್ಷಣವನ್ನು ಹುಟ್ಟಿಸುತ್ತ ಹೋಗುವ ಸಂತಾನವಿದೆ, ಅದರಿಂದಲೇ ಒಬ್ಬನ ಕರ್ಮ ಇನ್ನೊಬ್ಬನಿಗೆ ಅಂಟುವುದಿಲ್ಲ ಎಂದು ಅವರು ಹೇಳಿದರು. ಪ್ರಭೇದವೂ ಅಂಥ ಸಂತಾನವೇ. ಗಿಡ ಗಿಡವನ್ನು ಹೆತ್ತು ಹರಿಯುವ ಸಾಲು ಅದು. ಎಲ್ಲ ಗಿಡಗಳಲ್ಲೂ ಒಂದೇ ಆಗಿ ಕೂತಿರುವ ಸಾರವಲ್ಲ. ಪಶ್ಚಿಮದಲ್ಲಿ ಮೈಕೆಲ್ ಗಿಸೆಲಿನ್ 1974ರಲ್ಲಿ, ಡೇವಿಡ್ ಹಲ್ 1978ರಲ್ಲಿ, ಪ್ರಭೇದವನ್ನು ಒಂದು ವರ್ಗವೆಂದು ನೋಡದೆ ಕಾಲದಲ್ಲಿ ಹುಟ್ಟಿ ಅಳಿಯುವ ಒಂದು ವ್ಯಕ್ತಿಯೆಂದೇ ನೋಡಬೇಕೆಂದು ವಾದಿಸಿದಾಗ ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದಿದ್ದರು. ಆದರೆ ಹುಲ್ಲು ಈ ಚಿತ್ರವನ್ನೂ ಅಷ್ಟು ಸರಳವಾಗಿ ಬಿಡುವುದಿಲ್ಲ. ಒಂದು ಗಿಡದೊಳಗೇ ಒಂದಕ್ಕಿಂತ ಹೆಚ್ಚು ಸಂತಾನಗಳು ಹರಿಯುತ್ತವೆ. ನಾವು ತಿನ್ನುವ ಗೋಧಿಯ 42 ವರ್ಣತಂತುಗಳಲ್ಲಿ ಮೂರು ಹುಲ್ಲುಗಳ ಪಾಲಿದೆ. ಅವುಗಳಲ್ಲಿ ಒಂದು ಈಜಿಲಾಪ್ಸ್ ಟೌಷಿಯಿಂದ ಬಂದದ್ದೆಂದು 1944ರಲ್ಲಿ ಗುರುತಿಸಿದರು. ಗೋಧಿಯ ಕ್ಲೋರೋಪ್ಲಾಸ್ಟಾದರೋ ಇನ್ನೊಂದು ಸಾಲಿನದು, ಈಜಿಲಾಪ್ಸ್ ಸ್ಪೆಲ್ಟಾಯ್ಡಿಸ್‌ಗೆ ಹತ್ತಿರದ ತಾಯಿಯದು. ಟೌಷಿಯ ಸುಳಿವೇ ಅದರಲ್ಲಿಲ್ಲ. ಕೊನೆಗೆ ಎರಡು ಸಾಲುಗಳ ನಡುವಿನ ಗೋಡೆಯೂ ಗಟ್ಟಿಯಲ್ಲ: ಭತ್ತದ ಕೋಶಕೇಂದ್ರದ ಹತ್ತನೆಯ ವರ್ಣತಂತುವಿನಲ್ಲಿ ಕ್ಲೋರೋಪ್ಲಾಸ್ಟ್ ಜೀನೋಮಿನ ಬಹುಪಾಲು ನಕಲಾಗಿ ಸೇರಿಕೊಂಡಿದೆ. ಹಾಗಿದ್ದರೆ ಪ್ರಭೇದವೆಂಬ ಸಂತಾನ ಯಾವುದು? ಈ ಹಲವು ಸಾಲುಗಳು ಒಂದನ್ನೊಂದು ಬಿಡದೆ, ತಲೆಮಾರಿನಿಂದ ತಲೆಮಾರಿಗೆ, ಒಟ್ಟಿಗೆ ಸಾಗುತ್ತಿರುವ ಹಾದಿ. ಪ್ರಭೇದವನ್ನು ಉಳಿಸಿ ಕ್ಲೋರೋಪ್ಲಾಸ್ಟನ್ನು ಇಳಿಸಬೇಕೆಂದದ್ದು ಇದಕ್ಕೇ. ಕ್ಲೋರೋಪ್ಲಾಸ್ಟ್ ಆ ಸಾಲುಗಳಲ್ಲಿ ಒಂದು. ಪ್ರಭೇದ ಅವುಗಳ ಕೂಡುನಡಿಗೆ.

ಹೀಗಾದರೆ ಕ್ಲೋರೋಪ್ಲಾಸ್ಟನ್ನು ಬಿಟ್ಟು 40 ಕೋಟಿ ಅಕ್ಷರದ ಕೋಶಕೇಂದ್ರವನ್ನೇ ಓದಿದರಾಯಿತಲ್ಲ ಎಂದು ಕೇಳಬಹುದು. ಅಲ್ಲಿ ಸಾಕ್ಷಿಗಳು ಬಹಳ, ನಿಜ; ಒಂದೊಂದು ಜೀನಿಗೂ ಒಂದೊಂದು ವಂಶವೃಕ್ಷ. ಆದರೆ ಅವೂ ಒಂದಕ್ಕೊಂದು ಒಪ್ಪಬೇಕೆಂದಿಲ್ಲ, ಹತ್ತಿರದ ಪ್ರಭೇದಗಳಲ್ಲಿ ಅನೇಕ ವೇಳೆ ಒಪ್ಪುವುದಿಲ್ಲ. ಪೂರ್ವಜರಲ್ಲಿದ್ದ ಹಳೆಯ ವೈವಿಧ್ಯ ಎರಡೂ ಕಡೆಗೆ ಹಂಚಿಹೋಗಿರುತ್ತದೆ. ಮತ್ತೆ, ರಾಗಿಯ ಎರಡು ಅರ್ಧಗಳಲ್ಲಿ ಯಾವುದು ತಾಯಿಯದು ಯಾವುದು ತಂದೆಯದು ಎಂದು ಕೋಶಕೇಂದ್ರವೊಂದೇ ಹೇಳಲಾರದು. ಅದನ್ನು ಹೇಳಿದ್ದು ಕ್ಲೋರೋಪ್ಲಾಸ್ಟ್. ಸಾಕ್ಷಿಗೆ ಮಿತಿಯಿದೆ ಎಂದು ಸಾಕ್ಷಿಯನ್ನೇ ಹೊರಗಟ್ಟುವುದು ತರ್ಕವಲ್ಲ.

ಸಂಕರ ಎಂಬ ಮಾತನ್ನು ಇಷ್ಟು ಹೊತ್ತು ತರ್ಕದ ತಡೆಯಾಗಿ ಮಾತ್ರ ನೋಡಿದ್ದೇವೆ. ಈ ನೆಲದಲ್ಲಿ ಆ ಮಾತಿಗೆ ಇನ್ನೊಂದು ಚರಿತ್ರೆಯಿದೆ. ಮನುಷ್ಯರ ಕೂಡಿಕೆಯನ್ನು ಪಾಪವೆಂದು ಹೇಳಲು, ಕೂಡಿಕೆಯಿಂದ ಹುಟ್ಟಿದವರನ್ನು ಊರಾಚೆಗೆ ಇಡಲು ಅದನ್ನು ಬಳಸಿದರು. ನಿಸರ್ಗದಲ್ಲೇ ಜಾತಿಗಳು ಕಲಬೆರಕೆಯಿಲ್ಲದೆ ಇರುತ್ತವೆ, ಬೆರೆತರೆ ಕೆಡುತ್ತವೆ ಎಂಬ ವಾದವನ್ನು ಅದಕ್ಕೆ ಆಧಾರವಾಗಿ ಕೊಡುವವರು ಇಂದಿಗೂ ಇದ್ದಾರೆ. ಆಧಾರವೇ ಸುಳ್ಳು. ಮುದ್ದೆಯ ತಟ್ಟೆಯಲ್ಲಿರುವುದೂ ಚಪಾತಿಯ ತಟ್ಟೆಯಲ್ಲಿರುವುದೂ ಕೂಡಿಕೆಯಿಂದ ಹುಟ್ಟಿದ ಹುಲ್ಲುಗಳೇ. ಇಂಡಿಕಾದಂಥ ಸಣಕಲು ಹುಲ್ಲಿಗೆ ಬೇರೊಂದು ಹುಲ್ಲಿನ ಪರಾಗ ಬೀಳದೆ ಇದ್ದಿದ್ದರೆ ರಾಗಿ ಎಂಬುದೇ ಇರುತ್ತಿರಲಿಲ್ಲ. ಹುಲ್ಲಿನ ನಡತೆಯಿಂದ ಮನುಷ್ಯರ ನೀತಿಯನ್ನು ತೆಗೆಯಬಾರದು, ಎರಡೂ ಬೇರೆ. ಮನುಷ್ಯರೆಲ್ಲ ಒಂದೇ ಪ್ರಭೇದವಾದ್ದರಿಂದ ಹೋಲಿಕೆಯೇ ಕೂಡುವುದಿಲ್ಲ. ನಾನು ಹೇಳುವುದು ಇಷ್ಟೆ: ಬೆರಕೆಯನ್ನು ಕೆಡುಕೆನ್ನುವವರು ನಿಸರ್ಗವನ್ನು ಸಾಕ್ಷಿಗೆ ಕರೆದರೆ, ನಿಸರ್ಗ ಅವರ ಪರವಾಗಿ ನುಡಿಯುವುದಿಲ್ಲ. ಉದಯನನ ತಡೆ ನಮ್ಮ ವರ್ಗೀಕರಣಕ್ಕೆ ಹಾಕಿದ್ದು. ಅಡ್ಡಹಾಯುವ ಗುಣಗಳನ್ನು ಜಾತಿಯೆಂದು ಕರೆಯಬೇಡಿ ಎಂದು ಅದು ನಮಗೆ ಹೇಳುತ್ತದೆ, ಅಡ್ಡಹಾಯಬೇಡಿ ಎಂದು ಗಿಡಗಳಿಗೆ ಹೇಳುವುದಿಲ್ಲ.

ಕೊನೆಯ ಆಕ್ಷೇಪವೊಂದು ಉಳಿದಿದೆ. ರೂಪ ಒಂದು ಹೇಳುತ್ತದೆ, ವರ್ಣತಂತು ಒಂದು, ಕ್ಲೋರೋಪ್ಲಾಸ್ಟ್ ಮತ್ತೊಂದು. ಎಲ್ಲವೂ ತಮ್ಮತಮ್ಮ ಮಟ್ಟಿಗೆ ಸರಿ ಎಂದರೆ ಯಾವುದೂ ತಪ್ಪಲ್ಲವೆಂದಾಯಿತು, ಇದು ಜೈನರ ಅನೇಕಾಂತದಂಥ ಜಾರು ನೆಲವಲ್ಲವೇ ಎಂದು. ಅನೇಕಾಂತವನ್ನು ಹೀಗೆ ತಿಳಿಯುವುದೇ ಅದಕ್ಕೆ ಮಾಡುವ ಅನ್ಯಾಯ. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನ ಜೈನ ತಾರ್ಕಿಕ ಅಕಲಂಕನನ್ನು ಬೌದ್ಧರನ್ನು ವಾದದಲ್ಲಿ ಗೆದ್ದವನೆಂದು ಕೊಂಡಾಡುತ್ತದೆ; ಎಲ್ಲವೂ ಸರಿ ಎನ್ನುವವನಿಗೆ ವಾದದಲ್ಲಿ ಗೆಲ್ಲುವುದಕ್ಕೆ ಏನಿರುತ್ತದೆ? ಒಂದು ನೋಟ ತಾನು ಯಾವ ಕಡೆಯಿಂದ ನೋಡುತ್ತಿದ್ದೇನೆಂದು ಹೇಳಿಕೊಂಡರೆ ಅದು ನಯ; ಇಡೀ ವಸ್ತು ತನ್ನದೇ ಎಂದರೆ ಅದು ದುರ್ನಯ, ತಪ್ಪೇ. ‘ತಾಯಿಯ ಕಡೆಯಿಂದ ಈ ಹುಲ್ಲು ಇಂಡಿಕಾದ ಸಾಲಿನದು’ ಎನ್ನುವುದು ಸತ್ಯ. ಕ್ಲೋರೋಪ್ಲಾಸ್ಟ್ ನೋಡಿ ‘ಈ ಹುಲ್ಲು ಇಂಡಿಕಾ’ ಎನ್ನುವುದು, 36 ವರ್ಣತಂತುಗಳ ಗಿಡವನ್ನು ಕೈಯಲ್ಲಿ ಹಿಡಿದಿರುವಾಗ, ಸುಳ್ಳು. ಎರಡರ ನಡುವಿನ ಅಂತರ ಪ್ರತಿ ಒಣಗಿಡದ ಹಾಳೆಯ ಮೇಲೂ, ಬೀಜಬ್ಯಾಂಕಿನ ಪ್ರತಿ ಡಬ್ಬಿಯ ಮೇಲೂ ಬರೆದಿರಬೇಕು. ಸಿಕ್ಕ ಊರು, ದಿನಾಂಕ, ರೂಪದಿಂದ ಕೊಟ್ಟ ಹೆಸರು, ಎಣಿಸಿದ ವರ್ಣತಂತು, ಕ್ಲೋರೋಪ್ಲಾಸ್ಟಿನ ಸಾಲು, ಕೋಶಕೇಂದ್ರದ ಪಾಲುಗಳು, ಒಂದೊಂದಕ್ಕೂ ಬೇರೆ ಅಂಕಣ. ಒಂದು ಅಂಕಣದ ಉತ್ತರವನ್ನು ಇನ್ನೊಂದಕ್ಕೆ ತುಂಬಬಾರದು. ರಾಗಿಯ ಹಾಳೆಯಲ್ಲಿ ತಾಯಿಯ ಅಂಕಣಕ್ಕೆ ಇಂಡಿಕಾದ ಸಾಲು ಎಂದು 1988ರಿಂದ ಬರೆಯಬಹುದಾಗಿದೆ. ವರ್ಣತಂತುಗಳ ಇನ್ನೊಂದು ಅರ್ಧವನ್ನು, ಅಂದರೆ ಬಿ ಜೀನೋಮ್ ಎನ್ನುವುದನ್ನು, ಕೊಟ್ಟ ತಂದೆಯ ಅಂಕಣ ಖಾಲಿಯಿದೆ. ಆ ತಂದೆ ಇನ್ನೂ ಎಲ್ಲಾದರೂ ಬೆಳೆಯುತ್ತಿದ್ದರೆ ಅದನ್ನು ಕಂಡುಹಿಡಿಯಬೇಕಾದ್ದು ರಾಗಿಯ ಕೋಶಕೇಂದ್ರದಲ್ಲಿರುವ ಆ ಅರ್ಧವನ್ನು ಕಾಡಿನ ಎಲ್ಯುಸಿನ್‌ಗಳ ಕೋಶಕೇಂದ್ರದೊಡನೆ ಹೋಲಿಸಿ; ರಾಗಿಯ ಕ್ಲೋರೋಪ್ಲಾಸ್ಟನ್ನು ಎಷ್ಟು ಸಲ ಓದಿದರೂ ಅದರಲ್ಲಿ ಸಿಗುವುದು ತಾಯಿಯ ಹೆಸರೇ.